ಅಲುಗಿಸಿ ಕೇಳುವ ವಿದ್ಯೆ

ನಮ್ಮ ತಿಪಟೂರು ಸೀಮೆಯಲ್ಲಿ ಮಕ್ಕಳು ಅ ಆ ಇ ಈ ಕಲಿಯುವ ಮೊದಲೇ ಕಲಿತುಬಿಡುವ ಒಂದು ವಿದ್ಯೆಯಿದೆ. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ಕೇಳುವುದು. ಒಳಗೆ ನೀರು ಕುಲುಕಿದರೆ ಅದಿನ್ನೂ ಕಾಯಿ. ಗಿಟುಕು ಚಿಪ್ಪಿಗೆ ಬಡಿದು ಲೊಟಲೊಟ ಎಂದರೆ ಕೊಬ್ಬರಿಯಾಗಿದೆ. ಯಾವ ಸದ್ದೂ ಬಾರದಿದ್ದರೆ ಚಿಪ್ಪಿನಿಂದ ಇನ್ನೂ ಬಿಟ್ಟಿಲ್ಲ ಎಂದೋ, ಒಳಗೇ ಕೆಟ್ಟಿದೆ ಎಂದೋ ಲೆಕ್ಕ. ನಮ್ಮಪ್ಪ ಅಂಥ ಕಾಯನ್ನು ಒಡೆಯುತ್ತಿರಲಿಲ್ಲ. ‘ಇನ್ನೊಂದ್ ತಿಂಗ್ಳು ಬಿಟ್ಟು ನೋಡಾಣ’ ಎಂದು ಮತ್ತೆ ಅಟ್ಟಕ್ಕೇ ಹಾಕಿಸುತ್ತಿದ್ದರು. ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷ ಕಾಯುವ ಜನಕ್ಕೆ ಇನ್ನೊಂದು ತಿಂಗಳು ಹೆಚ್ಚೇನಲ್ಲ.

ನಾನು ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಈ ಸೀಮೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದವನು. ತಿಪಟೂರಿನ ಆಚೆ ಈಚೆ, ತುರುವೇಕೆರೆಯ ಕಡೆ ಕೆಲವು ವರ್ಷ, ಚಿಕ್ಕನಾಯಕನಹಳ್ಳಿಯ ಗಡಿಯಲ್ಲಿ ಕೆಲವು ವರ್ಷ. ಈಗ ನಿವೃತ್ತನಾಗಿ ಮನೆಯಲ್ಲಿದ್ದೇನೆ. ಅಪ್ಪ ಕಾಯಿಗೆ ತೋರಿಸುತ್ತಿದ್ದ ತಾಳ್ಮೆಯನ್ನು ನಾನು ಮಕ್ಕಳಿಗೆ ತೋರಿಸಿದೆನೇ ಎಂದು ಕೇಳಿಕೊಂಡರೆ, ಮೊದಲ ಕೆಲವು ವರ್ಷ ಖಂಡಿತ ಇಲ್ಲ ಎಂದೇ ಹೇಳಬೇಕು. ಆ ತಾಳ್ಮೆಯನ್ನು ನನಗೆ ಕಲಿಸಿದ್ದು ಒಂದು ಟೇಪ್ ರೆಕಾರ್ಡರ್.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಕೇಂದ್ರ ಸರ್ಕಾರದ ಯೋಜನೆಯೊಂದರಲ್ಲಿ ಎಷ್ಟೋ ಪ್ರಾಥಮಿಕ ಶಾಲೆಗಳಿಗೆ ರೇಡಿಯೊ ಮತ್ತು ಕ್ಯಾಸೆಟ್ ಪ್ಲೇಯರ್ ಬಂದವು. ನಾನು ಕೆಲಸಕ್ಕೆ ಸೇರಿದ ಶಾಲೆಗೂ ಒಂದು ಬಂದಿತ್ತು. ಬಂದದ್ದು ಬೀರುವಿನೊಳಗೆ ಸೇರಿತ್ತು. ಬೀರುವಿಗೆ ಬೀಗ, ಬೀಗಕ್ಕೆ ರಿಜಿಸ್ಟರು. ‘ಕೆಟ್ಟರೆ ಯಾರು ಜವಾಬ್ದಾರಿ?’ ಎಂಬ ಒಂದೇ ಪ್ರಶ್ನೆಗೆ ಹೆದರಿ ಎಷ್ಟು ಶಾಲೆಗಳಲ್ಲಿ ಎಷ್ಟು ಯಂತ್ರಗಳು ಮಾತೇ ಆಡದೆ ಮುದಿಯಾದವೋ! ನಾನು ತಂದದ್ದು ಮನೆಯದು. ಮದುವೆಯಲ್ಲಿ ಮಾವನವರು ಕೊಟ್ಟ ಟೂ ಇನ್ ಒನ್. ಅದರಲ್ಲಿ ಕೆಂಪು ಚುಕ್ಕೆಯ ಒಂದು ಗುಂಡಿ ಇತ್ತು. ಅದನ್ನೂ ಪಕ್ಕದ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಎದುರಿಗೆ ಆಡಿದ್ದೆಲ್ಲ ದಾಖಲಾಗುತ್ತಿತ್ತು. 1993ರಲ್ಲಿ ಒಂದು ದಿನ ಅದನ್ನು ಚೀಲದಲ್ಲಿಟ್ಟುಕೊಂಡು ಸೈಕಲ್ಲಿನಲ್ಲಿ ಶಾಲೆಗೆ ಹೊರಟಾಗ ಹೆಂಡತಿ, ‘ಅಪ್ಪ ಕೊಟ್ಟಿದ್ದು, ಜೋಪಾನ’ ಎಂದಷ್ಟೇ ಹೇಳಿದಳು. ಅಲ್ಲಿಗೆ ನನ್ನ ಮನೆಯ ರಿಜಿಸ್ಟರಿಗೂ ಸಹಿ ಬಿತ್ತು.

ನಾಲ್ಕನೇ ತರಗತಿಯ ಮಕ್ಕಳಿಂದ ಕನ್ನಡ ಪಾಠದ ಒಂದೊಂದು ಪ್ಯಾರಾ ಓದಿಸಿ ರೆಕಾರ್ಡ್ ಮಾಡಿದೆ. ಹಿಂದಕ್ಕೆ ಸುತ್ತಿ ಕೇಳಿಸಿದಾಗ ತರಗತಿಯೇ ಬಿದ್ದು ಬಿದ್ದು ನಕ್ಕಿತು. ‘ಇದು ನಾನಲ್ಲ ಸಾ, ಯಾರೋ ಮೂಗ್ನಲ್ಲಿ ಮಾತಾಡ್ತವ್ರೆ’ ಎಂದು ಒಬ್ಬ ಹಟ ಹಿಡಿದ. ಅವನ ಪಕ್ಕದವನು, ‘ನೀನೇ ಕಣೋ, ನೀನ್ ಮಾತಾಡದೇ ಅಂಗೆ’ ಎಂದ. ಇಬ್ಬರದೂ ಸರಿಯೇ. ನಾವು ಮಾತಾಡುವಾಗ ನಮ್ಮ ಧ್ವನಿ ನಮ್ಮ ಕಿವಿಗೆ ಎರಡು ದಾರಿಯಲ್ಲಿ ತಲುಪುತ್ತದೆ. ಒಂದು ಬಾಯಿಂದ ಹೊರಟು ಗಾಳಿಯ ಮೂಲಕ. ಇನ್ನೊಂದು ತಲೆಯ ಮೂಳೆಗಳ ಮೂಲಕ ಒಳಗಿನಿಂದಲೇ. ಮೂಳೆಯ ದಾರಿ ಮಂದ್ರದ ಅಂಶವನ್ನು ಹೆಚ್ಚಿಸುತ್ತದೆ. ಆದ್ದರಿಂದ ನಮಗೆ ನಮ್ಮ ಧ್ವನಿ ತುಂಬು ಧ್ವನಿಯಾಗಿ ಕೇಳುತ್ತದೆ. ಯಂತ್ರಕ್ಕೆ ಸಿಗುವುದು ಗಾಳಿಯಲ್ಲಿ ಬಂದದ್ದು ಮಾತ್ರ. ಊರಿನವರೆಲ್ಲ ದಿನಾ ಕೇಳುವ ನಮ್ಮ ಧ್ವನಿ ಅದೇ. ಅಪರಿಚಿತವಾಗಿ ಕೇಳುವುದು ನಮಗೊಬ್ಬರಿಗೇ. ಇದನ್ನು ವಿವರಿಸಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡು ಗುನುಗಿ ಎಂದೆ. ನಲವತ್ತು ಮಕ್ಕಳು ಒಟ್ಟಿಗೆ ಗುಂಯ್‌ಗುಟ್ಟಿದ್ದು ಕೇಳಿ ಪಕ್ಕದ ಕೊಠಡಿಯ ಮೇಡಂ ಹೆಜ್ಜೇನು ಎದ್ದಿತೇನೋ ಎಂದು ಬಾಗಿಲಿಗೆ ಬಂದರು.

ಒಂದು ದಿನ ಗುಂಡಿ ಒತ್ತಿದ್ದು ಮರೆತು ಪಾಠ ಶುರು ಮಾಡಿಬಿಟ್ಟೆ. ರಾತ್ರಿ ಮನೆಯಲ್ಲಿ ಕೂತು ಆ ಅರ್ಧ ಗಂಟೆಯ ಪಾಠ ಕೇಳಿದೆ. ಓದುಗರೇ, ನಿಮ್ಮಲ್ಲಿ ಮೇಷ್ಟರುಗಳಿದ್ದರೆ ಒಮ್ಮೆ ಹೀಗೆ ಮಾಡಿ ನೋಡಿ, ಗರ್ವವೆಲ್ಲ ಇಳಿದುಹೋಗುತ್ತದೆ. ಆ ಅರ್ಧ ಗಂಟೆಯಲ್ಲಿ ಮಾತಾಡಿದವನು ನಾನೊಬ್ಬನೇ. ‘ನದಿ ಎಲ್ಲಿ ಹುಟ್ಟುತ್ತದೆ?’ ಎಂದು ಕೇಳುತ್ತೇನೆ. ಮಗು ಬಾಯಿ ತೆರೆಯುವ ಮೊದಲೇ ‘ಬೆಟ್ಟದಲ್ಲಿ, ಅಲ್ಲವೇ?’ ಎಂದು ನಾನೇ ಹೇಳುತ್ತೇನೆ. ‘ಅರ್ಥವಾಯಿತೇ?’ ಎನ್ನುತ್ತೇನೆ, ‘ಹೂಂ ಸಾ’ ಎಂದು ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ಹುಡುಗಿಯೊಬ್ಬಳು ಎರಡು ಸಲ ‘ಸಾ... ಸಾ...’ ಎಂದದ್ದು ಟೇಪಿನಲ್ಲಿ ಸ್ಪಷ್ಟವಾಗಿದೆ. ತರಗತಿಯಲ್ಲಿ ನನಗೆ ಅದು ಕೇಳಿಸಿಯೇ ಇರಲಿಲ್ಲ.

ಇದು ನನ್ನೊಬ್ಬನ ರೋಗವಲ್ಲ ಎಂದು ಬಹಳ ವರ್ಷಗಳ ನಂತರ ತರಬೇತಿಯೊಂದರಲ್ಲಿ ತಿಳಿಯಿತು. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ತರಗತಿಗಳ ಟೇಪುಗಳನ್ನು ಕೂತು ಕೇಳಿ ಅಳೆದು, 1970ರ ದಶಕದಲ್ಲಿ ಪ್ರಕಟಿಸಿದ ಸಂಗತಿಯಿದು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಗುತ್ತದೆ, ಮಕ್ಕಳೇ ಪ್ರಶ್ನೆ ಕೇಳತೊಡಗುತ್ತಾರೆ. ಮೂರು ಸೆಕೆಂಡು! ಅಪ್ಪ ಒಂದು ಕಾಯಿಗೆ ಒಂದು ತಿಂಗಳು ಕೊಡುತ್ತಿದ್ದರು.

ಟೇಪಿನಲ್ಲಿ ‘ಸಾ... ಸಾ...’ ಎಂದಿದ್ದ ಆ ಹುಡುಗಿಯ ಕಥೆಯನ್ನೇ ನಾನು ಹೇಳಬೇಕೆಂದಿರುವುದು. ಹೆಸರು ಬೇಡ. ತರಗತಿಯಲ್ಲಿ ಬಾಯಿ ಬಿಡದವಳು. ಓದಲು ನಿಲ್ಲಿಸಿದರೆ ಪುಸ್ತಕದ ಅಂಚು ಹಿಡಿದು ನೆಲ ನೋಡುತ್ತಿದ್ದಳು. ಕಾಯಿ ಬಿಟ್ಟಿಲ್ಲವೋ ಕೆಟ್ಟಿದೆಯೋ ಎಂದು ಅಲುಗಿಸಿ ನೋಡುವ ವ್ಯವಧಾನವೂ ಇಲ್ಲದೆ ‘ದಡ್ಡಿ’ ಎಂದು ಮನಸ್ಸಿನಲ್ಲೇ ಷರಾ ಬರೆದಿದ್ದೆ. ಟೇಪು ಕೇಳಿದ ಮೇಲೆ ಸ್ವಲ್ಪ ನಾಚಿಕೆಯಾಯಿತು. ಆ ವರ್ಷ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ: ಮನೆಯಲ್ಲಿರುವ ಅತ್ಯಂತ ಹಿರಿಯರ ಮಾತನ್ನು ದಾಖಲಿಸುವುದು. ಸಂಜೆ ಶಾಲೆ ಬಿಟ್ಟ ಮೇಲೆ ಟೂ ಇನ್ ಒನ್ ಹೊತ್ತು ಮಕ್ಕಳೊಂದಿಗೆ ಒಂದೊಂದು ಮನೆಗೆ ಹೋಗುತ್ತಿದ್ದೆ.

ಅವಳ ಮನೆಗೆ ಹೋದ ದಿನ ಅಟ್ಟದ ಕೆಳಗೆ ಅವಳಜ್ಜಿ ಕೂತಿದ್ದರು. ‘ಇದ್ಯಾವ್ ಪೆಟ್ಗೆ ಮಗಾ?’ ಎಂದು ಮೊಮ್ಮಗಳನ್ನು ಕೇಳಿದರು. ‘ನೀನ್ ಮಾತಾಡಿದ್ನ ತಿರ್ಗ ಹೇಳ್ತದಜ್ಜಿ’ ಎಂದಳು ಅವಳು. ನಾನು ಆ ಹುಡುಗಿಯ ಬಾಯಿಂದ ಕೇಳಿದ ಮೊದಲ ಪೂರ್ಣ ವಾಕ್ಯ ಅದು! ಅಜ್ಜಿ ಅರ್ಧ ಗಂಟೆ ಮಾತಾಡಿದರು. ಮದುವೆಯಾಗಿ ಗಾಡಿಯಲ್ಲಿ ಬಂದದ್ದು, ಮಳೆ ಹೋದ ವರ್ಷಗಳಲ್ಲಿ ರಾಗಿಗೆ ಪರದಾಡಿದ್ದು, ಬುಡಕ್ಕೆ ಬಿಂದಿಗೆಯಲ್ಲಿ ನೀರು ಹೊತ್ತು ಸಸಿ ಉಳಿಸಿದ್ದು, ಆ ಸಸಿಗಳೇ ಈಗಿನ ತೋಟವಾದದ್ದು. ಕೊನೆಗೆ ಬೀಸುವಾಗ ಹಾಡುತ್ತಿದ್ದ ಒಂದು ಹಾಡನ್ನು ಉದ್ದಕ್ಕೂ ಹೇಳಿದರು. ಮಾರನೆಯ ದಿನ ಅದನ್ನು ತರಗತಿಯಲ್ಲಿ ಕೇಳಿಸಿದೆ. ನಡುನಡುವೆ ಅಜ್ಜಿಯ ಮಾತು ಮಕ್ಕಳಿಗೆ ಅರ್ಥವಾಗದಾಗ ಹುಡುಗಿ ತಾನಾಗಿ ಎದ್ದು ನಿಂತು ವಿವರಿಸಿದಳು. ಯಾರೂ ಹೇಳದೆಯೇ ಎದ್ದಳು, ಯಾರೂ ಹೇಳದೆಯೇ ಕೂತಳು. ಆಮೇಲೆ ಅವಳು ಓದಲು ಹೆದರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಮೇಷ್ಟರ ಕಥೆಯಾಗುತ್ತಿತ್ತು. ಆದರೆ ನನ್ನ ಬಳಿ ಇದ್ದದ್ದು ಎರಡೇ ಕ್ಯಾಸೆಟ್ಟು. ಸಿ-60 ಎಂಬ ಆ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 30 ನಿಮಿಷ. ಒಳಗೆ ಸುಮಾರು 90 ಮೀಟರು ಉದ್ದದ ಕಂದು ಪಟ್ಟಿ. ಹೊಸದು ಕೊಳ್ಳಬೇಕೆಂದರೆ ಕೈ ಹಿಂದೆ ಮುಂದೆ ನೋಡುವ ಸಂಬಳ. ಎರಡು ತಿಂಗಳ ನಂತರ ರಸಪ್ರಶ್ನೆಯ ತಾಲೀಮು ರೆಕಾರ್ಡ್ ಮಾಡಲು ಅದೇ ಕ್ಯಾಸೆಟ್ಟನ್ನೇ ಹಾಕಿದೆ. ಅಜ್ಜಿಯ ಮೇಲೆ ‘ಭಾರತದ ರಾಜಧಾನಿ ಯಾವುದು?’ ಕೂತುಕೊಂಡಿತು.

ಮುಂದಿನ ಆಷಾಢದಲ್ಲಿ ಅಜ್ಜಿ ತೀರಿಕೊಂಡರು. ತಿಥಿಯೆಲ್ಲ ಮುಗಿದ ಮೇಲೆ ಹುಡುಗಿಯ ತಂದೆ ಶಾಲೆಯ ಹತ್ತಿರ ಬಂದರು. ಕೈಯಲ್ಲಿ ಒಂದು ಹೊಸ ಕ್ಯಾಸೆಟ್ಟು. ‘ಮೇಷ್ಟ್ರೇ, ಅವ್ವುನ್ ಮಾತು ನಿಮ್ ಪೆಟ್ಗೇಲಿ ಐತಂತಲ್ಲ. ಇದ್ಕೆ ಒಂದ್ ಸಲ ಇಳ್ಸಿಕೊಡಿ’ ಎಂದರು. ಮನೆಯಲ್ಲಿ ಅವ್ವನ ಫೋಟೊ ಕೂಡ ಇರಲಿಲ್ಲವಂತೆ. ನಾನು ನಿಜ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಓಗ್ಲಿ ಬಿಡಿ ಮೇಷ್ಟ್ರೇ, ಅವ್ವುನೇ ಓದ್ಮೇಲೆ ಇನ್ನೇನು’ ಎಂದು ಆ ಹೊಸ ಕ್ಯಾಸೆಟ್ಟನ್ನು ನನ್ನ ಮೇಜಿನ ಮೇಲೇ ಇಟ್ಟರು. ‘ಇಸ್ಕೂಲ್ಗೇ ಇರ್ಲಿ, ಮಕ್ಳಿಗಾಯ್ತದೆ.’ ಅವರ ಹಿಂದೆ ಹುಡುಗಿ ನಿಂತಿದ್ದಳು. ಅವಳು ಏನೂ ಅನ್ನಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳಿರುತ್ತಿದ್ದವು, ಹಿರಿಯ ಓದುಗರಿಗೆ ನೆನಪಿರಬಹುದು. ಅವನ್ನು ಮುರಿದುಬಿಟ್ಟರೆ ರೆಕಾರ್ಡ್ ಗುಂಡಿ ಒಳಗೆ ಹೋಗುವುದಿಲ್ಲ, ಇದ್ದದ್ದು ಅಳಿಸುವುದಿಲ್ಲ. ಅಷ್ಟೇ ಸುಲಭ. ಅಂದಿನಿಂದ ಯಾರ ಮಾತು ದಾಖಲಿಸಿದರೂ ಅವರೆದುರೇ ಆ ಚಕ್ಕೆ ಮುರಿದು ಜೇಬಿಗೆ ಹಾಕಿಕೊಳ್ಳುವುದು ನನಗೆ ವ್ರತದಂತಾಯಿತು. ಚಿಕ್ಕನಾಯಕನಹಳ್ಳಿ ಕಡೆಯ ಕಾಡುಗೊಲ್ಲರ ಹಟ್ಟಿಯೊಂದರಲ್ಲಿ ಜುಂಜಪ್ಪನ ಕಥೆ ಹಾಡುವ ಹಿರಿಯರೊಬ್ಬರು ಗಣೆ ಊದಿದ್ದನ್ನು ರೆಕಾರ್ಡ್ ಮಾಡಿಕೊಂಡಾಗಲೂ ಹಾಗೇ ಮಾಡಿದೆ. ‘ಯಾಕ್ ಮುರುದ್ರಿ?’ ಎಂದು ಅವರು ಕೇಳಿದರು. ಕಾರಣ ಹೇಳಿದೆ.

ಧ್ವನಿ ಹಿಡಿದಿಡುವ ಆಸೆ ಹಳೆಯದು. ಎಡಿಸನ್ ಫೊನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ನಮ್ಮ ದೇಶದಲ್ಲಿ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಗ್ರಾಮಫೋನ್ ತಟ್ಟೆಗೆ ಇಳಿಸಿದರು. ಒಂದು ತಟ್ಟೆಗೆ ಸುಮಾರು ಮೂರು ನಿಮಿಷ. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿನವರಿಗೆ ಯಾರ ಹಾಡೆಂದು ಗೊತ್ತಾಗಬೇಕಲ್ಲ. ಆ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರಲ್ಲಿ ಅಲ್ಲೇ ತೀರಿಕೊಂಡರು. ಇನ್ನು 1935ರಲ್ಲಿ ಅದೇ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಪುಟ್ಟ ಬಾನುಲಿ ಕೇಂದ್ರ ನಡೆಸತೊಡಗಿದ ಎಂ.ವಿ. ಗೋಪಾಲಸ್ವಾಮಿಯವರು ಯಾರು? ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರು. ಇಡೀ ದೇಶ ಮುಂದೆ ಬಳಸಿದ ‘ಆಕಾಶವಾಣಿ’ ಎಂಬ ಹೆಸರು ಆ ಮೇಷ್ಟರ ಮನೆಯ ಕೇಂದ್ರದ್ದು. 1977ರಲ್ಲಿ ಅಮೆರಿಕ ಹಾರಿಸಿದ ವಾಯೇಜರ್ ನೌಕೆಗಳಲ್ಲಿ ಒಂದು ಬಂಗಾರ ಲೇಪಿಸಿದ ಧ್ವನಿತಟ್ಟೆ ಇಟ್ಟಿದ್ದಾರೆ. ಅದರಲ್ಲಿ 55 ಭಾಷೆಗಳ ಶುಭಾಶಯವಿದೆ, ಕನ್ನಡವೂ ಇದೆ. ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಕನ್ನಡದ ಒಂದು ಮಾತು ಹೋಗುತ್ತಲೇ ಇದೆ ಎಂದು ಹೇಳಿದಾಗ ಯಾವ ತರಗತಿಯೂ ಒಂದು ಕ್ಷಣ ಮೌನವಾಗದೆ ಇದ್ದದ್ದಿಲ್ಲ.

ನಮ್ಮ ರಾಜ್ಯದ ಶಾಲೆಗಳಲ್ಲಿ ಧ್ವನಿಪಾಠ ಹೊಸದೇನಲ್ಲ. 2000ದ ದಶಕದಲ್ಲಿ ಆಕಾಶವಾಣಿಯಿಂದ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ ಕಾರ್ಯಕ್ರಮಗಳು ಬರುತ್ತಿದ್ದವು. ರೇಡಿಯೊದೊಳಗಿನ ಅಕ್ಕ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುತ್ತಿದ್ದಳು. ಆ ಬಿಡುವಿನಲ್ಲಿ ಮಕ್ಕಳು ಕೂಗಿ ಉತ್ತರಿಸುತ್ತಿದ್ದರು. ಮೇಷ್ಟರಿಗಿಂತ ರೇಡಿಯೊಗೇ ಹೆಚ್ಚು ತಾಳ್ಮೆಯಿತ್ತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಅದೇ ಕಾಲದಲ್ಲಿ ಕೋಲಾರದ ಬೂದಿಕೋಟೆಯಲ್ಲಿ ಹಳ್ಳಿಯವರೇ ‘ನಮ್ಮ ಧ್ವನಿ’ ಎಂಬ ಕೇಂದ್ರ ನಡೆಸಿ, ಗಾಳಿಯಲ್ಲಿ ಬಿತ್ತರಿಸಲು ಪರವಾನಗಿ ಸಿಗದೆ ಕೇಬಲ್ ಎಳೆದು ಮನೆಗಳಿಗೆ ಕಾರ್ಯಕ್ರಮ ಮುಟ್ಟಿಸಿದ್ದರು. ಸಮುದಾಯ ಬಾನುಲಿಗೆ ಸಂಘ ಸಂಸ್ಥೆಗಳಿಗೂ ಅವಕಾಶ ಸಿಕ್ಕಿದ್ದು 2006ರಲ್ಲಿ. ಈಗ ಅಷ್ಟೆಲ್ಲ ಕಾಯಬೇಕಿಲ್ಲ. ಮಾತು, ಸಂದರ್ಶನ, ಕಥೆಗಳನ್ನು ದಾಖಲಿಸಿ ಕಂತು ಕಂತಾಗಿ ಅಂತರ್ಜಾಲದಲ್ಲಿ ಇಟ್ಟು, ಬೇಕೆಂದವರು ಬೇಕಾದ ಹೊತ್ತಿಗೆ ಕೇಳುವಂತೆ ಮಾಡುವುದಕ್ಕೆ ಪಾಡ್‌ಕಾಸ್ಟ್ ಎನ್ನುತ್ತಾರೆ. ಆ ಪದ ಹುಟ್ಟಿದ್ದು 2004ರಲ್ಲಿ. ಕನ್ನಡದಲ್ಲೂ ‘ಥಲೆ-ಹರಟೆ’ಯಂಥ ಪಾಡ್‌ಕಾಸ್ಟುಗಳು ಬಂದಿವೆ. ತೋಟಕ್ಕೆ ನೀರು ಬಿಡುತ್ತಲೇ ಕೇಳಬಹುದು.

ಧ್ವನಿಯ ಬೆಲೆ ನಮ್ಮ ಹಳ್ಳಿಗಳಿಗೆ ನಿಜವಾಗಿ ಗೊತ್ತಾದದ್ದು 2020ರಲ್ಲಿ. ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ದೂರದರ್ಶನದ ಚಂದನದಲ್ಲಿ ಪಾಠಗಳು ಬಂದವು, ‘ವಿದ್ಯಾಗಮ’ದಲ್ಲಿ ನಾವೇ ವಠಾರಗಳಿಗೆ ಹೋದೆವು, ಸೋಂಕು ಹೆಚ್ಚಿದಾಗ ಅದೂ ನಿಂತಿತು. ವಿಡಿಯೊ ಪಾಠ ಕಳಿಸೋಣವೆಂದರೆ ಮನೆಗೊಂದು ಫೋನು, ಅದೂ ಅಪ್ಪನ ಜೇಬಿನಲ್ಲಿ, ಅಪ್ಪ ತೋಟದಲ್ಲಿ. ಒಂದು ನಿಮಿಷದ ವಿಡಿಯೊಗೆ ಬೇಕಾಗುವ ಡೇಟಾದಲ್ಲಿ ಎಷ್ಟೋ ನಿಮಿಷದ ಮಾತು ಕಳಿಸಬಹುದು. ನಾನು ದಿನಾ ಐದು ನಿಮಿಷದ ಧ್ವನಿಪಾಠ ಮಾಡಿ ಕಳಿಸಿದೆ. ಕೊನೆಗೆ ಒಂದು ಪ್ರಶ್ನೆ, ಉತ್ತರವನ್ನೂ ಮಾತಿನಲ್ಲೇ ಕಳಿಸಬೇಕು. ರಾತ್ರಿ ಎಂಟರ ಮೇಲೆ ಅಪ್ಪಂದಿರು ಮನೆ ಸೇರಿದೊಡನೆ ನನ್ನ ಫೋನು ಟಿಣ್‌ಗುಟ್ಟತೊಡಗುತ್ತಿತ್ತು. ಓದುವ ಮಗುವಿನ ಹಿಂದೆ ಹಸುವಿನ ಕೂಗು, ಒಲೆಯ ಮುಂದಿನ ಕೆಮ್ಮು, ಅಮ್ಮ ಪಿಸುದನಿಯಲ್ಲಿ ಹೇಳಿಕೊಡುವುದು ಎಲ್ಲ ಕೇಳುತ್ತಿತ್ತು. ಒಬ್ಬ ತಾಯಿ ಫೋನ್ ಮಾಡಿ, ‘ಸಾ, ನಂಗೆ ಓದಕ್ ಬರಲ್ಲ. ಅವ್ನು ಓದಿದ್ದು ಸರಿಯಾ ತಪ್ಪಾ ಗೊತ್ತಾಗ್ತಿರ್ಲಿಲ್ಲ. ಈಗ ಮೊದಲ್ನೇ ದಿನದ್ದೂ ಇವತ್ತಿಂದೂ ಎರಡೂ ಆಕ್ಕೊಂಡ್ ಕೇಳ್ದೆ. ಬದಲಾಗವ್ನೆ’ ಎಂದರು. ಅಂಕಪಟ್ಟಿ ಓದಲಾರದ ತಾಯಿಯ ಕಿವಿಗೆ ಮಗನ ಪ್ರಗತಿ ಸ್ಪಷ್ಟವಾಗಿ ಮುಟ್ಟಿತ್ತು.

ಅದಕ್ಕಾಗಿಯೇ ತಂದೆ ತಾಯಂದಿರಿಗೆ ನನ್ನದೊಂದು ಸಲಹೆ. ತಿಂಗಳಿಗೊಮ್ಮೆ ಮಗುವಿನ ಓದನ್ನು ಒಂದೇ ಒಂದು ನಿಮಿಷ ದಾಖಲಿಸಿ. ಫ್ಯಾನು, ಟೀವಿ ಆರಿಸಿ. ಬಟ್ಟೆ, ಹಾಸಿಗೆ ಇರುವ ಕೋಣೆಯಾದರೆ ಪ್ರತಿಧ್ವನಿ ಕಡಿಮೆ. ಫೋನನ್ನು ಬಾಯಿಗೆ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿದರೆ ಉಸಿರಿನ ಸದ್ದು ಬಡಿಯುವುದಿಲ್ಲ. ಮೊದಲು ಹೆಸರು, ಊರು, ತಾರೀಕು ಹೇಳಿಸಿ. ನಂತರ ಮಗುವಿಗೇ ಕೇಳಿಸಿ, ‘ನಿನಗೇನನ್ನಿಸಿತು?’ ಎಂದು ಕೇಳಿ ಸುಮ್ಮನಿರಿ. ತಪ್ಪನ್ನು ನೀವು ಹೇಳುವ ಮೊದಲು ಮಗುವೇ ಹೇಳುತ್ತದೆ. ಸಾಮಾನ್ಯ ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ ಒಂದು ಎಂ.ಬಿ. ಆಸುಪಾಸು, ವರ್ಷಕ್ಕೆ ಹನ್ನೆರಡು ಎಂ.ಬಿ. ಅಷ್ಟೇ. ಆದರೆ ಮಗು ತೊದಲಿದ್ದನ್ನು ನೆಂಟರ ಗುಂಪಿಗೆ ಕಳಿಸಿ ನಗಬೇಡಿ. ನಾನೂ ಒಮ್ಮೆ ಒಬ್ಬ ಹುಡುಗನ ತಪ್ಪು ಓದನ್ನು ಇಡೀ ತರಗತಿಗೆ ಮತ್ತೆ ಮತ್ತೆ ಕೇಳಿಸಿದ್ದೆ. ಅವನು ಆ ವರ್ಷವೆಲ್ಲ ಗಟ್ಟಿಯಾಗಿ ಓದಲೇ ಇಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ನೀವು ಪಾಡ್‌ಕಾಸ್ಟ್ ಮಾಡುವುದಾದರೆ ಮೊದಲು ನಿಮ್ಮ ಮನೆಯ ಜಗಲಿಯಿಂದ ಶುರು ಮಾಡಿ. ಮಾತಾಡುವವರ ಒಪ್ಪಿಗೆ ಕೇಳಿ. ಪ್ರಶ್ನೆ ಚಿಕ್ಕದಿರಲಿ, ‘ಹೌದು, ಇಲ್ಲ’ ಎಂದು ಮುಗಿಯುವಂಥದ್ದು ಬೇಡ. ‘ನುಸಿ ರೋಗ ಬಂದಾಗ ಕಷ್ಟವಾಯಿತೇ?’ ಎಂದರೆ ‘ಹೂಂ’ ಎಂದು ಮುಗಿಸುತ್ತಾರೆ. ‘ನುಸಿ ಬಂದ ವರ್ಷ ಮನೆಯಲ್ಲಿ ಏನೇನು ನಡೆಯಿತು?’ ಎಂದರೆ ಕಥೆ ಹೊರಡುತ್ತದೆ. ಅವರು ಮಾತು ನಿಲ್ಲಿಸಿದಾಗ ನೀವು ತಕ್ಷಣ ಬಾಯಿ ಹಾಕಬೇಡಿ. ಮನಸ್ಸಿನಲ್ಲೇ ಮೂರು ಎಣಿಸಿ. ಒಳ್ಳೆಯ ಮಾತು ಅನೇಕ ವೇಳೆ ಆ ಮೂರರ ನಂತರವೇ ಬರುತ್ತದೆ. ಎಲ್ಲ ಮುಗಿದ ಮೇಲೆ, ಕಡತಕ್ಕೆ ಹೆಸರಿಟ್ಟು ಎರಡು ಬೇರೆ ಬೇರೆ ಕಡೆ ಉಳಿಸಿ. ಈಗಿನ ಫೋನಿನಲ್ಲಿ ಮುರಿಯಲು ಚಕ್ಕೆಯಿಲ್ಲ. ಜಾಗ ಸಾಲದೆಂದು ಒಂದು ಬೆರಳೊತ್ತಿದರೆ ಅಳಿಸಿಹೋಗುತ್ತದೆ. ಫೋನು ಕೆರೆಗೆ ಬಿದ್ದರೂ ಅಷ್ಟೇ.

ಕಳೆದ ದೀಪಾವಳಿಯ ಹೊತ್ತಿಗೆ ನಮ್ಮ ಮನೆಗೆ ಒಬ್ಬಾಕೆ ಬಂದರು. ಜೊತೆಗೆ ಎಂಟನೇ ತರಗತಿಯ ಮಗಳು. ಗುರುತು ಹಿಡಿಯಲು ನನಗೆ ಮೂರಲ್ಲ, ಹತ್ತು ಸೆಕೆಂಡು ಬೇಕಾಯಿತು. ಅದೇ ಹುಡುಗಿ! ಮಗಳ ಶಾಲೆಯಲ್ಲಿ ಮಕ್ಕಳು ತಮ್ಮ ಊರಿನ ಕೊಬ್ಬರಿಯ ಬಗ್ಗೆ ಪಾಡ್‌ಕಾಸ್ಟ್ ಮಾಡುತ್ತಿದ್ದಾರಂತೆ. ಈ ಮಗು ತನ್ನ ತಾತನನ್ನು ಮಾತಾಡಿಸಬೇಕೆಂದಿದೆ. ‘ಎಂಗ್ ಕೇಳ್ಬೇಕು ಅಂತ ನೀವ್ ಹೇಳ್ಕೊಡಿ ಸಾರ್’ ಎಂದು ಕರೆಯಲು ಬಂದಿದ್ದರು. ಹೋದೆ. ಅದೇ ಮನೆ, ಅದೇ ಅಟ್ಟ. ಅಜ್ಜಿ ಕೂತಿದ್ದ ಜಾಗದಲ್ಲಿ ಈಗ ಅವರ ಮಗ, ತಲೆ ಪೂರ್ತಿ ಬೆಳ್ಳಗೆ. ‘ನಂದೇನ್ ಕೇಳ್ತೀಯವ್ವ’ ಎಂದು ಮೊದಲು ಬೇಡವೆಂದರು. ಆಮೇಲೆ ಒಂದು ಕಾಯಿ ತರಿಸಿ, ಫೋನಿನ ಹತ್ತಿರ ಹಿಡಿದು ಅಲುಗಿಸಿ, ‘ಇದ್ರು ಸದ್ದು ತಗಂಡ್ಯಾ? ಇದ್ಕಿಂತ ನಾನೇನ್ ಹೇಳ್ಲಿ’ ಎಂದು ನಕ್ಕರು. ನಕ್ಕ ಮೇಲೆ ಮಾತು ಹೊರಟಿತು. ಕೊನೆಗೆ ಮೊಮ್ಮಗಳು ಅಜ್ಜಿ ಹಾಡುತ್ತಿದ್ದ ಬೀಸುವ ಹಾಡು ಕೇಳಿದಳು. ನೆನಪಿದ್ದಷ್ಟು ಹೇಳಿದರು. ನಡುವೆ ಎರಡು ಸಾಲು ಬರಲಿಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಬರಲಿಲ್ಲ.

‘ಮುತ್ತಜ್ಜಿ ಹಾಡಿದ್ದನ್ನ ಯಾರೂ ರೆಕಾರ್ಡ್ ಮಾಡ್ಲಿಲ್ವಾ?’ ಎಂದು ಹುಡುಗಿ ಕೇಳಿದಳು. ಫೋನು ಓಡುತ್ತಲೇ ಇತ್ತು. ‘ಮಾಡಿದ್ದೆ ಕಣಮ್ಮ. ನಾನೇ ಅಳಿಸಿಬಿಟ್ಟೆ’ ಎಂದೆ. ಮೂವತ್ತು ವರ್ಷದಿಂದ ಹೇಳಬೇಕೆಂದಿದ್ದ ಕ್ಷಮೆಯನ್ನೂ ಕೇಳಿದೆ. ಆಗ ಹುಡುಗಿಯ ತಾಯಿ ಹೇಳಿದ ಮಾತಿದು: ‘ಅವತ್ತು ನಾನು ಬೇಜಾರಿಗೆ ಸುಮ್ನಿದ್ದದ್ದಲ್ಲ ಸಾರ್. ಅಜ್ಜಿ ಧ್ವನಿ ಎಂಗಿತ್ತು ಅಂತ ನೆನಪ್ ಮಾಡ್ಕಳ್ತಾ ಇದ್ದೆ. ಮರ್ತೋಗ್ಬಾರ್ದು ಅಂತ.’

ಆ ಮೌನಕ್ಕೆ ನಾನು ಇಷ್ಟು ವರ್ಷ ಏನೇನೋ ಅರ್ಥ ಹಚ್ಚಿಕೊಂಡಿದ್ದೆ. ಕೇಳಲೇ ಇಲ್ಲ.

ಮಗು ಅಷ್ಟನ್ನೂ ದಾಖಲಿಸಿಕೊಂಡಿತು. ಎರಡು ಸಾಲಿನ ಜಾಗದಲ್ಲಿ ಅವರ ತಾತ ಸುಮ್ಮನೆ ಕೂತಿದ್ದ ಹೊತ್ತನ್ನು ಕತ್ತರಿಸಲೇ ಎಂದು ನನ್ನನ್ನು ಕೇಳಿತು. ಬೇಡ, ಹಾಗೇ ಇರಲಿ ಎಂದೆ.